ಫಕ್ಕೀರವ್ವನ ಧಾಟಿ

ಮದುವೆ ಗೊತ್ತಾದ ಹುಡುಗಿಯ ಮೇಲೆ ಯಾರೂ ಕೈ ಮಾಡುವುದಿಲ್ಲ. ಇನ್ನು ಅವಳು ಬೀಗರ ಮನೆಯ ಸೊತ್ತು ಎಂದು ಆವತ್ತಿನಿಂದಲೇ ಒಂದು ಮಾತು ಕಡಿಮೆ ಆಡಿ, ಒಂದು ತುತ್ತು ಹೆಚ್ಚು ಬಡಿಸುವುದು ವಾಡಿಕೆ. ಅಂಥದರಲ್ಲಿ ಫಕ್ಕೀರವ್ವ ತನ್ನ ಮೊಮ್ಮಗಳು ಸರೋಜವ್ವನ ಬಾಯಿಯ ಮೇಲೆ ಫಟ್ಟನೆ ಹೊಡೆದಳು. ಅದೂ ಪಡಸಾಲೆಯಲ್ಲಿ, ಎಲೆ ಆರಿಸಲು ಬಂದ ಓಣಿಯ ಹೆಂಗಸರ ಕಣ್ಣ ಮುಂದೆ.

ಸವಣೂರಿನ ಆ ಮನೆಯಲ್ಲಿ ಬೆಳಗು ಅಂದರೆ ಎಲೆಯ ಕೆಲಸ. ತೋಟದಿಂದ ಬಂದ ವೀಳ್ಯದೆಲೆಯನ್ನು ನೀರಿನಲ್ಲಿ ಅದ್ದಿ, ಹರಿದದ್ದು ತೂತು ಬಿದ್ದದ್ದು ತೆಗೆದು, ತೊಟ್ಟುಗಳನ್ನು ಒಂದೇ ಕಡೆ ಮಾಡಿ ಕಟ್ಟು ಕಟ್ಟಬೇಕು. ಬುಟ್ಟಿಗೆ ಬಾಳೆಲೆ ಹಾಸಿ ಜೋಡಿಸಿ, ಮೇಲೆ ಹಸಿ ಗೋಣಿತಾಟು ಹೊಚ್ಚಿ, ಬಿಸಿಲೇರುವುದರೊಳಗೆ ಚಕ್ಕಡಿಯಲ್ಲಿ ಯಲವಿಗಿ ಸ್ಟೇಶನ್ನಿಗೆ ಮುಟ್ಟಿಸಬೇಕು. ರೈಲು ಯಾರ ಎಲೆಗೂ ಕಾಯುವುದಿಲ್ಲ. ಸರೋಜವ್ವನ ಬೆರಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಬೆರಳು ಓಡುವಾಗ ಹದಿನಾರರ ಬಾಯಿ ಸುಮ್ಮನಿದ್ದೀತೇ? ಗುನುಗುತ್ತಿದ್ದಳು. ಪೇಟೆಯ ಚಹದಂಗಡಿಯಲ್ಲಿ ಹೊತ್ತುಗೊತ್ತಿಲ್ಲದೆ ಚಾವಿ ಕೊಟ್ಟು ಹಚ್ಚುವ ಗ್ರಾಮೋಫೋನ್ ಪ್ಲೇಟಿನ ಹಾಡು, ‘ತಿರುಗಿ ನೋಡಿ ಹೋಗ ಚೆಲುವಿ.’ ಆ ವರ್ಷಗಳಲ್ಲಿ ಶಿಗ್ಗಾಂವಿಯಿಂದ ಹಿರೇಕೆರೂರಿನ ತನಕ ಅದನ್ನು ಗುನುಗದ ಬಾಯಿ ಇರಲಿಲ್ಲ. ಅದಕ್ಕೆ ರಾಗ ಕಟ್ಟಿದವನು ಬೇರೆ ಯಾರೂ ಅಲ್ಲ, ಫಕ್ಕೀರವ್ವನ ಕಿರಿಯ ಮಗ ಶಂಕ್ರಪ್ಪ.

“ಯಾಕ ಹೊಡದಿ ಆಯಿ? ನಾ ಏನ್ ಮಾಡೇನಿ?”

“ಈ ಮನ್ಯಾಗ ಆ ಹಾಡು ಬ್ಯಾಡಂತ ಎಷ್ಟ ಸಲ ಹೇಳಬೇಕು ನಿನಗ?”

“ಊರೆಲ್ಲಾ ಹಾಡತೈತಿ. ನಮ್ಮ ಮಾಮಾನ ಹಾಡು ನಮಗ ಬ್ಯಾಡೇನು?”

“ಊರ ಹಾಡ್ಲಿ. ನೀ ಮಾತ್ರ ಬ್ಯಾಡ.”

ಹಿರಿಯ ಮಗನ ಹೆಂಡತಿ ಮಹಾದೇವಕ್ಕ ಓಡಿ ಬಂದು ಹುಡುಗಿಯ ಗದ್ದ ಹಿಡಿದು ನೋಡಿದಳು. “ಏನ್ರಿ ಅತ್ತಿ ಇದು! ತುಟಿ ಬಾತೈತಿ. ಬೀಗರು ಬಂದು ಕೇಳಿದ್ರ ಏನ್ ಹೇಳೂಣು?”

“ಎಲಿಗೆ ಸುಣ್ಣ ಹೆಚ್ಚಾಗಿತ್ತು ಅನ್ನು,” ಎಂದು ಮುದುಕಿ ಮತ್ತೆ ಎಲೆಗೆ ಕೈ ಹಾಕಿದಳು. ಹೆಂಗಸರು ನಕ್ಕರು. ಅವಳು ಒಳ್ಳೆಯ ಎಲೆಯನ್ನೇ ಹರಿದು ಬಿಸಾಡುತ್ತಿದ್ದುದನ್ನು ಸರೋಜವ್ವ ಒಬ್ಬಳೇ ನೋಡಿದಳು.

ಸರೋಜವ್ವ ತಾಯಿಯಿಲ್ಲದ ಕೂಸು. ಫಕ್ಕೀರವ್ವನ ಮಗಳು ಶಿವಬಸವ್ವ ಎರಡನೆಯ ಬಾಣಂತನಕ್ಕೆಂದು ತವರಿಗೆ ಬಂದವಳು, ಹೆತ್ತ ಮೂರನೆಯ ದಿನಕ್ಕೆ ಕೂಸಿನೊಡನೆ ತೀರಿಕೊಂಡಳು. ಎಲೆ ತೋಟದ ಅಂಚಿನಲ್ಲೇ ಅವಳ ಮಣ್ಣಾಯಿತು, ಮೇಲೊಂದು ಸಣ್ಣ ಕಟ್ಟೆಯೂ ಆಯಿತು. ಗಂಡ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಆಗ ನಾಲ್ಕು ವರ್ಷದವಳಾಗಿದ್ದ ಸರೋಜವ್ವ ಅಜ್ಜಿಯ ಸೆರಗು ಹಿಡಿದು ಇಲ್ಲೇ ಉಳಿದಳು.

ಈ ಸೀಮೆಯಲ್ಲಿ ಹೆಂಗಸರು ಸತ್ತವರಿಗಾಗಿ ಬರಿದೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ನಡೆ, ಉಟ್ಟ ಸೀರೆ, ಉಂಡ ತುತ್ತು ಎಲ್ಲವನ್ನೂ ಹೆಸರಿಟ್ಟು ಹೇಳಿ ಹೇಳಿ ಅಳುತ್ತಾರೆ. ಒಬ್ಬೊಬ್ಬಳಿಗೆ ಒಂದೊಂದು ಧಾಟಿ. ಓಣಿಯಲ್ಲಿ ಯಾರೇ ಸತ್ತರೂ ಫಕ್ಕೀರವ್ವ ಬಂದು ಬಾಯಿ ತೆರೆಯುವ ತನಕ ಸಾವು ಸಾವೆನ್ನಿಸುತ್ತಿರಲಿಲ್ಲ. ಆದರೆ ಮಗಳಿಗಾಗಿ ಬಂದ ಧಾಟಿ ಬೇರೆಯೇ ಆಗಿತ್ತು. ಅದನ್ನು ಅವಳು ಮತ್ತೊಬ್ಬರ ಸಾವಿಗೆ ಬಳಸಲಿಲ್ಲ. ಅಮಾವಾಸ್ಯೆಗೊಮ್ಮೆ ತೋಟದ ಆ ಕಟ್ಟೆಯ ಮುಂದೆ ಎಡೆ ಇಟ್ಟು ಒಬ್ಬಳೇ ಕುಳಿತು ಅತ್ತು ಬರುತ್ತಿದ್ದಳು. ಆರು ವರ್ಷದ ಹಿಂದೆ ಅದನ್ನೂ ಬಿಟ್ಟಳು. ಎಡೆ ಇಟ್ಟು ಸುಮ್ಮನೆ ಬರುತ್ತಾಳೆ. ಅದೇ ಸುಮಾರಿಗೆ ಶಂಕ್ರಪ್ಪನೊಡನೆ ಮಾತನ್ನೂ ಬಿಟ್ಟಳು.

ಸರೋಜವ್ವ ಏಟು ತಿಂದ ವಾರವೇ ಶಂಕ್ರಪ್ಪ ಮದುವೆಗೆಂದು ಮುಂಬಯಿಯಿಂದ ಬಂದ. ಯಲವಿಗಿಯಲ್ಲಿ ರೈಲಿಳಿದು, ಎಲೆ ಇಳಿಸಿ ಖಾಲಿ ಬರುತ್ತಿದ್ದ ಮನೆಯ ಚಕ್ಕಡಿಯಲ್ಲೇ ಬುಟ್ಟಿಗಳ ನಡುವೆ ಕುಳಿತು ಬಂದ. ಹುಡುಗನಿದ್ದಾಗ ತೋಟಕ್ಕೆಂದು ಹೊರಟವನು ಹಜರತಅಲಿ ಉಸ್ತಾದರ ಮನೆಗೆ ಹೋಗಿ ಸಾರಂಗಿಯ ಮುಂದೆ ಕೂಡುತ್ತಿದ್ದ. ಆಮೇಲೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನಾದ. ಕನ್ನಡ ಕಂಪನಿ ಮುಗಿದ ಮೇಲೆ ಮರಾಠಿ ಕಂಪನಿ, ಅದು ಮುಗಿದ ಮೇಲೆ ಮುಂಬಯಿಯ ಪ್ಲೇಟಿನ ಕಂಪನಿ. ಅಲ್ಲಿ ಗೋವೆಯ ಪಿಟೀಲಿನವನಿಂದ ಇಂಗ್ಲಿಷ್ ಪದ್ಧತಿಯಲ್ಲಿ ಸ್ವರ ಬರೆಯುವುದನ್ನು ಕಲಿತು, ಸಾರಂಗಿಯ ಪಕ್ಕಕ್ಕೆ ಪಿಟೀಲು, ಕ್ಲಾರಿಯೋನೆಟ್ ಕೂಡಿಸಿ ಹಾಡು ಕಟ್ಟುವವನಾದ. ಮದುವೆಯಾಗಲಿಲ್ಲ. ಪೇಟಿಯನ್ನೇ ಕಟ್ಟಿಕೊಂಡಿದ್ದಾನೆ ಎಂದು ಓಣಿಯವರು ನಗುತ್ತಿದ್ದರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣಿಗಾಯಿ, ಕೆನೆಮೊಸರು. ಮಗ ಬರುತ್ತಾನೆಂದು ಬದನೆಕಾಯಿ ತುಂಬಿ ಇಟ್ಟವಳು ಫಕ್ಕೀರವ್ವನೇ. ಕೈಯಳತೆಯಲ್ಲಿ ಕುಳಿತ ಮಗನನ್ನು ಬಿಟ್ಟು ಸೊಸೆಗೆ ಹೇಳಿದಳು:

“ಮಹಾದೇವಿ, ಇನ್ನೊಂದ ರೊಟ್ಟಿ ಬೇಕೇನ ಕೇಳ ಅವಗ.”

“ಬ್ಯಾಡವ್ವಾ, ಸಾಕು,” ಎಂದ ಶಂಕ್ರಪ್ಪ.

“ಸಾಕಂದ್ರ ಅರ್ಧಾರ ಹಾಕು.”

ಹಿರಿಯ ಮಗ ಪರಮೇಶ್ವರಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನಿಗೆ ಮದುವೆಯದೊಂದೇ ಚಿಂತೆ.

ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರೂ ಚಪ್ಪಲಿ ಬಿಟ್ಟು ತೋಟಕ್ಕೆ ಇಳಿದರು. ಪರಮೇಶ್ವರಪ್ಪ ಜಾರಿದ ಬಳ್ಳಿಯನ್ನು ಗಿಡಕ್ಕೆ ಕಟ್ಟುತ್ತಿದ್ದ.

“ಅಣ್ಣಾ, ಅವ್ವನ ಕಡಿಂದ ನನಗೊಂದು ಆಗಬೇಕಾಗೇತಿ.”

“ಪಾಲಿನ ಮಾತಾದ್ರ ಮದವಿ ಮುಗೀಲಿ.”

“ಪಾಲು ಯಾರಿಗೆ ಬೇಕು? ಒಂದ ಹಾಡ ಬೇಕು.” ಶಂಕ್ರಪ್ಪ ಅಲ್ಲೇ ಬದುವಿನ ಮೇಲೆ ಕುಳಿತ. “ಮುಂಬೈದಾಗ ಒಬ್ಬ ಸಾಹೇಬ ಅದಾನ. ಲಡಾಯಿಗಿಂತ ಮೊದಲ ಅವನ್ನ ಅವರ ದೇಶದಾಗಿಂದ ಓಡಿಸಿದ್ರು. ಪಿಯಾನೋ ನುಡಸ್ತಾನ. ನನ್ನ ಪ್ಲೇಟು ಕೇಳಿದಾಂವ ಒಂದ ಜಾಗಾದಾಗ ಮುಳ್ಳು ಎತ್ತಿ ನಿಲ್ಲಿಸಿದ. ಇಲ್ಲೆ ನೀ ಸುಳ್ಳ ಹೇಳೀದಿ ಅಂದ. ಖರೇನ ಅಂದ ಅಣ್ಣಾ. ಅಲ್ಲೆ ಸ್ವರ ಪೇಟಿಯ ಬೆರಳೊತ್ತೂ ಎರಡು ಪಟ್ಟಿ ನಡುವ ಇತ್ತು. ಪೇಟಿಗೆ ಸಿಗಲಿಲ್ಲ, ನಾ ಹತ್ತಿರದ ಪಟ್ಟಿಗೆ ಕೂಡಿಸಿಬಿಟ್ಟೆ.”

“ನನಗ್ಯಾಕ ಹೇಳ್ತಿ ಇದನ್ನೆಲ್ಲಾ?”

“ಮಳಿಗಾಲ ಮುಗಿದ ಮ್ಯಾಲ ಅಲ್ಲಿ ದೊಡ್ಡ ಹಾಲಿನ್ಯಾಗ ನಲವತ್ತು ಮಂದಿ ಕೂಡಿ ನಾ ಬರದದ್ದನ್ನ ನುಡಸ್ತಾರ. ನಮ್ಮ ಸಾರಂಗಿ, ಅವರ ಪಿಟೀಲು, ಎಲ್ಲಾ ಕೂಡಿ. ಇಂಥಾದ್ದು ನನ್ನ ಜನ್ಮದಾಗ ಇನ್ನೊಮ್ಮೆ ಬರೂದಿಲ್ಲ. ಅದರ ಜೀವ ಆ ಸ್ವರದಾಗ ಐತಿ. ನನಗದು ಮರತ ಹೋಗೇತಿ. ಅವ್ವ ಒಂದ ಸಲ ಅಂದ್ರ ಸಾಕು.”

“ಅವ್ವ ಎಂದ ಹಾಡಿದ್ಳು ಅದನ್ನ?”

ಶಂಕ್ರಪ್ಪ ಬದುವಿನ ಹುಲ್ಲು ಕಿತ್ತ. “ಅಕ್ಕ ಸತ್ತಾಗ.”

ಪರಮೇಶ್ವರಪ್ಪನ ಕೈಯೊಳಗಿನ ಬಳ್ಳಿ ಜಾರಿತು. “ನಮ್ಮ ಶಿವಬಸವ್ವನ ಹೆಣದ ಮುಂದಿನ ಅಳು ಆ ಚಹದಂಗಡ್ಯಾಗ ಕುಣ್ಯಾಕತ್ತೈತೇನೋ?”

“ಹೆಣದ ಮುಂದಿಂದಲ್ಲ. ನಾ ಬರೂದ್ರಾಗ ಮಣ್ಣಾಗಿತ್ತು.”

ಬುದ್ಧಿವಂತರು ಎಂಥ ಹೊತ್ತಿನಲ್ಲಿ ಎಂಥ ಸಮಾಧಾನ ಹೇಳುತ್ತಾರೋ! ಪರಮೇಶ್ವರಪ್ಪ ತಮ್ಮನ ಮುಖವನ್ನೇ ನೋಡಿದ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಎರಡನ್ನೂ ನುಂಗಿ ವ್ಯವಹಾರದ ಮಾತಾಡಿದ:

“ಮದವಿ ಮುಗಿಯೂತನಕ ಈ ಮಾತು ಈ ಬಳ್ಳ್ಯಾಗ ಹುಗದಿರ್ಲಿ. ತಾಯಿಲ್ಲದ ಕೂಸಿಗೆ ಚೊಲೋ ಮನಿ ಸಿಕ್ಕೇತಿ. ನೀನೂ ಬಾಯಿ ಬಿಡಬ್ಯಾಡ, ಅವ್ವನೂ ಬಾಯಿ ಬಿಡೂದು ಬ್ಯಾಡ.”

ಹುಗಿದ ಮಾತು ಬಹಳ ದಿನ ಹುಗಿದಲ್ಲಿ ಇರಲಿಲ್ಲ. ಚಿಕ್ಕೇರೂರಿನಿಂದ ಬೀಗ ಅಜ್ಜಪ್ಪ ಜವಳಿಯ ಮಾತಿಗೆ ಬಂದ. ದೊಡ್ಡ ಹೊಟ್ಟೆ, ದೊಡ್ಡ ನಗೆ, ದೊಡ್ಡ ಮನಸ್ಸು. ವರದಕ್ಷಿಣೆಯ ಮಾತೆತ್ತದೆ ಹೆಣ್ಣು ಒಪ್ಪಿಕೊಂಡವನು. ಅವನಿಗೆ ಒಂದೇ ಹುಚ್ಚು, ಗ್ರಾಮೋಫೋನು.

“ಮಾಸ್ತರ್ರ, ನಮಗ ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಹುಡುಗಿ ಚಕ್ಕಡಿ ಹತ್ತುವಾಗ ಬ್ಯಾಂಡಿನವರು ನಿಮ್ಮ ಹಾಡು ಬಾರಸಬೇಕು. ‘ತಿರುಗಿ ನೋಡಿ ಹೋಗ ಚೆಲುವಿ.’ ಏನ್ ಹೊಂದತೈತ್ರಿ ಹೆಣ್ಣು ಕಳಸೂ ಹೊತ್ತಿಗೆ! ಊರ ಮಂದಿಗೆಲ್ಲಾ ಹೇಳಿಬಿಟ್ಟೇನಿ.”

ಶಂಕ್ರಪ್ಪ ಅಣ್ಣನ ಮುಖ ನೋಡಿದ. ಅಣ್ಣ ಹೂಂ ಅನ್ನು ಎಂದು ಕಣ್ಣು ಮಾಡಿದ. ಅಷ್ಟರಲ್ಲಿ ಅಡುಗೆಮನೆಯಿಂದ ಫಕ್ಕೀರವ್ವ ಹೊರಗೆ ಬಂದಳು, ಕೈಗೆ ಹಿಟ್ಟು ಮೆತ್ತಿಕೊಂಡೇ.

“ಬೀಗರ, ಆ ಹಾಡು ಬಾರಿಸಿದ್ರ ನಾ ಹಂದರದಾಗ ಕಾಲಿಡೂದಿಲ್ಲ.”

“ವಯಸ್ಸಾಗೇತ್ರಿ,” ಎಂದು ಪರಮೇಶ್ವರಪ್ಪ ನಗಲು ನೋಡಿದ. “ನಾಟಕದ ಹಾಡಂದ್ರ ಅವರಿಗೆ ಆಗೂದಿಲ್ಲ.”

“ವಯಸ್ಸಾಗೇತಿ, ಕಿವಿ ಹೋಗಿಲ್ಲ,” ಎಂದಳು ಮುದುಕಿ.

ಅಜ್ಜಪ್ಪನ ನಗೆ ನಿಂತಿತು. “ಅಜ್ಜಿ ಮುನಿಸ್ಕೊಂಡ ಹಂದರದಾಗ ಮದುಮಕ್ಕಳ ಮ್ಯಾಲ ಅಕ್ಕಿಕಾಳು ಹೆಂಗ ಬೀಳಬೇಕ್ರಿ? ಹಾಡು ಇಲ್ಲಂದ್ರ ನಮ್ಮ ಮಂದಿಗೆ ನಾ ಏನಂತ ಮಾರಿ ತೋರಸ್ಲಿ? ನೀವ ನೀವ ಕೂಡಿ ಮಾತಾಡ್ರಿ. ಆಮ್ಯಾಲ ತಿಳಿಸ್ರಿ.” ಎದ್ದುಬಿಟ್ಟ. ಮಹಾದೇವಕ್ಕ ಇಟ್ಟ ತಟ್ಟೆಯ ಎಲೆ ಅಡಿಕೆ ಹಾಗೇ ಉಳಿಯಿತು. ಎಲೆಯಿಂದಲೇ ಅನ್ನ ಉಣ್ಣುವ ಮನೆಯಲ್ಲಿ ಬೀಗ ಎಲೆ ಮುಟ್ಟದೆ ಹೋದ. ಆವತ್ತು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಶಾವಿಗೆ ಹೊಸೆಯುವ ದಿನ ಎಲ್ಲ ಒಡೆಯಿತು. ಮದುವೆಯ ಶಾವಿಗೆಯೆಂದರೆ ಓಣಿಯ ಹೆಂಗಸರೆಲ್ಲ ಮಣೆ ತಂದು ಕೂಡುವ ಕೆಲಸ. ಹಾಡಿಲ್ಲದೆ ಎಳೆ ಸಣ್ಣಗೆ ಬರುವುದಿಲ್ಲ ಎಂದು ಅವರ ನಂಬಿಕೆ. ನೆರೆಮನೆಯ ದಾನವ್ವ, “ಫಕ್ಕೀರವ್ವಾ, ನೀನ ಒಂದ ನುಡಿ ಎತ್ತ ಬೇ,” ಎಂದಳು. ಫಕ್ಕೀರವ್ವ ಕೇಳಿಸಿಕೊಳ್ಳದವಳಂತೆ ಹಿಟ್ಟು ನಾದಿದಳು. ಅಷ್ಟರಲ್ಲಿ ಪರಮೇಶ್ವರಪ್ಪ ಪೇಟೆಯಿಂದ ಬಂದ. ಬೀಗರು ಬೇರೆ ಹೆಣ್ಣು ನೋಡಲು ಹಾನಗಲ್ಲಿಗೆ ಹೋಗುತ್ತಾರಂತೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಓಣಿಯ ಹೆಂಗಸರು ಕುಳಿತಿದ್ದಾರೆಂಬುದನ್ನೂ ಮರೆತು ಒದರಿದ:

“ಕೂಸಿನ ಮದವಿ ಮುರದ್ರ ನಿನ್ನ ಹೊಟ್ಟಿ ತಣ್ಣಗಾಗತೈತೇನವ್ವಾ? ತಾಯಿಲ್ಲದ ಹುಡುಗಿ ಅದು!”

“ತಾಯಿಲ್ಲದ ಹುಡುಗಿ ಅಂತನ ಹೇಳಾಕತ್ತೇನಿ.”

ಗದ್ದಲ ಕೇಳಿ ಶಂಕ್ರಪ್ಪ ಒಳಗಿನಿಂದ ಬಂದ. “ಅವ್ವಾ, ತಪ್ಪಾತು. ಎಲ್ಲಾ ನಂದ ತಪ್ಪು. ನನ್ನ ಜೋಡಿ ಒಂದ ಮಾತಾಡು. ಬೈದ್ರೂ ಅಡ್ಡಿಯಿಲ್ಲ.”

ಫಕ್ಕೀರವ್ವ ಕೈಯೊಳಗಿನ ಹಿಟ್ಟಿನ ಮುದ್ದೆ ಕೆಳಗಿಟ್ಟಳು. ಆರು ವರ್ಷದಲ್ಲಿ ಮೊದಲ ಸಲ ಮಗನ ಮುಖ ನೋಡಿ ಮಾತಾಡಿದಳು. ದನಿ ಏರಿರಲಿಲ್ಲ.

“ಅಕ್ಕನ ಮಣ್ಣಿಗೆ ನೀ ಸಿಗಲಿಲ್ಲ. ಐದನೇ ದಿನಕ್ಕ ಬಂದಿ. ಇದ ಬಾಗಲದಾಗ ನಿನ್ನ ತೆಕ್ಕಿಬಡದು ಅತ್ತೆ. ನಾ ಅಳುವಾಗ ನಿನ್ನ ಬೆರಳು ನನ್ನ ಬೆನ್ನ ಮ್ಯಾಲ ಆಡಾಕತ್ತಿದ್ವು. ಹುಡುಗ ದುಃಖಕ್ಕ ನಡಗಾಕತ್ತಾನ ಅಂತ ತಿಳಕೊಂಡು ಇನ್ನಷ್ಟ ಗಟ್ಟ್ಯಾಗಿ ಹಿಡಕೊಂಡೆ. ಆ ಪ್ಲೇಟು ಬಂತಲ್ಲ, ಅವತ್ತು ತಿಳೀತು. ನೀ ನನ್ನ ಬೆನ್ನ ಮ್ಯಾಲ ಪೇಟಿ ಬಾರಸಾಕತ್ತಿದ್ದಿ.”

ಶಂಕ್ರಪ್ಪ ತನ್ನ ಕೈಗಳನ್ನು ಧೋತರದ ಮರೆಗೆ ಸರಿಸಿದ.

“ಉರಿಯೋ ಮನ್ಯಾಗ ಗಳಾ ಹಿರಕೊಂಡ ಹ್ವಾದಿ. ಹೋಗ್ಲಿ, ಅದರ ಸಿಟ್ಟೂ ನನಗಿಲ್ಲ. ಹಾಡ್ಯಾಡಿ ಅತ್ರ ಸತ್ತವರು ಬಂದು ಕೇಳ್ತಾರ. ಅಮಾಸಿಗೊಮ್ಮೆ ನಾ ಅಳತಿದ್ದೆ, ಅಕಿ ಬಂದು ಕಟ್ಟಿ ಮ್ಯಾಲ ಕುಂದರತಿದ್ಳು. ಈಗ ಅಕಿನ್ನ ಚಹದಂಗಡ್ಯಾಗ ಕರೀತಾರ. ನಾ ನೋಡೇನಿ. ಬಾಣಂತಿ ತಲಿ ಕಟಗೊಂಡು, ಹಸರ ಸೀರಿ ಉಟಗೊಂಡು, ಅಂಗಡಿ ಮುಂದ ನಿಂತಿರ್ತಾಳ. ಒಳಗ ಗಂಡಸರು ಬೀಡಿ ಸೇದಕೋತ ನಗತಿರ್ತಾರ, ಅಕಿ ಹೊರಗ ನಿಂತು ನನ್ನ ದನಿ ಹುಡಕ್ತಿರ್ತಾಳ. ಅದಕ್ಕ ನಾ ಪ್ಯಾಟಿ ದಾರಿ ಬಿಟ್ಟು ಕೆರಿ ಕಡಿಂದ ಸುತ್ತ ಹಾಕಿ ಹೊಕ್ಕೇನಿ. ಈಗ ಮಗಳ ಮದವ್ಯಾಗೂ ಹಂಗ ಕರದು ನಿಂದರಸ್ಬೇಕಂತೀರಿ.”

ದಾನವ್ವ ಮೊದಲು ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಮಣೆ ಎತ್ತಿಕೊಂಡು ಹೋದರು. ಅರ್ಧ ಹೊಸೆದ ಶಾವಿಗೆ ಅಲ್ಲೇ ಒಣಗಿ ಮುರಿಯಿತು. ಸರೋಜವ್ವ ಮಾತ್ರ ಹಿಟ್ಟಿನ ಕೈಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ತಾನು ಇಷ್ಟು ವರ್ಷ ಗುನುಗಿದ್ದು ತನ್ನ ತಾಯಿಯ ಸಾವನ್ನು ಎಂದು ಅವಳಿಗೆ ಆಗ ತಿಳಿಯಿತು.

ಸಂಜೆ ಹಿತ್ತಲಲ್ಲಿ ಮಾಮಾನ ಕೈಗೆ ನೀರು ಹಾಕುತ್ತ ಕೇಳಿದಳು: “ಮಾಮಾ, ಆಯಿ ಅವತ್ತು ನಮ್ಮವ್ವನ ಮ್ಯಾಲ ಏನೇನ ಹೇಳಿ ಅತ್ಲು?”

“ಏನೇನೋ ಹೇಳಿದ್ಳವಾ.”

“ಒಂದಾದ್ರೂ ಹೇಳು. ನಮ್ಮವ್ವ ಹೆಂಗ ನಗತಿದ್ಳು, ಏನ್ ಉಡತಿದ್ಳು, ಏನಾರ ಅಂದಿರಬೇಕಲ್ಲ.”

“ಮಾತು ನೆನಪಿಲ್ಲ ಸರೂ. ನಾ ಧಾಟಿ ಒಂದ ಕೇಳಿದ್ದೆ.”

“ಧಾಟಿನೂ ಮರತೇತಿ ಅಂತಲ್ಲ, ದೊಡ್ಡ ಮಾಮಾ ಅಂದ,” ಎಂದಳು ಹುಡುಗಿ. ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಶಂಕ್ರಪ್ಪನಿಗೆ ತಾಯಿಯ ಮಾತಿಗಿಂತ ಇದು ಆಳಕ್ಕೆ ಇಳಿಯಿತು.

ಮಾರನೆಯ ದಿನ ಅವನು ಹಜರತಅಲಿ ಉಸ್ತಾದರ ಮನೆಗೆ ಹೋಗಿ, ಆ ಧಾಟಿ ನೆನಪಿದೆಯೇ ಎಂದು ಕೇಳಿದ. ಅವರೂ ಆವತ್ತು ಸಮಾಧಾನ ಹೇಳಲು ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತು ಅಳು ಕೇಳಿದವರು. ಮುದುಕರು ಹುಕ್ಕಾ ಪಕ್ಕಕ್ಕಿಟ್ಟು, “ಮರತೇನಿ ಬೇಟಾ,” ಎಂದರು. “ಮರೀಬೇಕಂತನ ಮರತೇನಿ. ನಿನಗ ಎಲ್ಲಾ ಕಲಸಿದೆ, ಅದೊಂದ ಕಲಸೂದು ಉಳೀತು.” ಚಹ ಕುಡಿಸಿ ಕಳುಹಿಸಿದರು.

ಅಲ್ಲಿಂದ ಅವನು ನೆಟ್ಟಗೆ ಚಿಕ್ಕೇರೂರಿಗೆ ಹೋಗಿ ಅಜ್ಜಪ್ಪನ ಕೈ ಹಿಡಿದುಕೊಂಡ. ಆ ಹಾಡು ಬೇಡ, ಬ್ಯಾಂಡಿಗಾಗಿಯೇ ಹೊಸದೊಂದು ಕಟ್ಟಿ ಕೊಡುತ್ತೇನೆ, ನಿಮ್ಮ ಮಗನ ಹೆಸರಲ್ಲೇ ಪ್ಲೇಟು ಮಾಡಿಸುತ್ತೇನೆ ಎಂದ. ಅಜ್ಜಪ್ಪ ಅರೆಮನಸ್ಸಿನಿಂದ ಒಪ್ಪಿದ. “ಸವಣೂರಾಗ ನಿಮ್ಮ ಮಾತು. ನಮ್ಮೂರ ಹೊಕ್ಕ ಮ್ಯಾಲ ನಮ್ಮ ಮಾತು,” ಎಂದ. ಚಹದಂಗಡಿಯವನಿಗೂ ಮದುವೆ ಮುಗಿಯುವ ತನಕ ಪ್ಲೇಟು ಹಚ್ಚಬೇಡ ಎಂದು ಹೇಳಿದ್ದಾಯಿತು. ಅವನು ಪ್ಲೇಟನ್ನು ಅರಿವೆಯಲ್ಲಿ ಸುತ್ತಿ ಮೇಲಿಟ್ಟು, “ಪ್ಲೇಟು ತಗದಿಡಬಹುದ್ರಿ ಮಾಸ್ತರ್ರ, ಗಿರಾಕಿ ಬಾಯಾಗಿಂದು ಹೆಂಗ ತಗೀಲಿ?” ಎಂದ.

ಇತ್ತ ಸರೋಜವ್ವ ಅಜ್ಜಿಯ ಬೆನ್ನು ಬಿದ್ದಿದ್ದಳು. ಫಕ್ಕೀರವ್ವ ಅವಳ ತಲೆಗೆ ಹರಳೆಣ್ಣೆ ತಿಕ್ಕುವಾಗ ಒಂದು ದಿನ ಕೇಳಿಯೇಬಿಟ್ಟಳು.

“ನನ್ನ ಕಳಸುವಾಗ ನೀ ಹಂಗ ಅಳು ಆಯಿ. ನಮ್ಮವ್ವಗ ಅತ್ತಂಗ.”

“ಹುಚ್ಚಿ! ಅದು ಸತ್ತವರದ್ದು. ಹಂದರದಾಗ ಬಾಯಿಗೆ ತರಬಾರದು.”

“ಅತ್ರ ಅಕಿ ಬರ್ತಾಳಂದಿ.”

ಮುದುಕಿಯ ಕೈ ನಿಂತಿತು.

“ನನಗ ನಮ್ಮವ್ವನ ಮಾರಿ ನೆನಪಿಲ್ಲ,” ಎಂದಳು ಸರೋಜವ್ವ. “ಎಲ್ಲಾ ಹುಡುಗ್ಯಾರನ್ನ ಅವರವ್ವ ಚಕ್ಕಡಿ ಹತ್ತಸ್ತಾಳ. ನನ್ನ ಕಳಸಾಕ ನಮ್ಮವ್ವ ಬರೂದು ಬ್ಯಾಡೇನು? ಅಂಗಡಿ ಮುಂದ ನಿಂತಾಕಿ ಮನಿಗೆ ಬರ್ಲಿ.”

ಫಕ್ಕೀರವ್ವ ಅವಳ ತಲೆಯನ್ನು ಮುಂದಕ್ಕೆ ಬಾಗಿಸಿದಳು. ಎಣ್ಣೆ ಕಿವಿಯ ತನಕ ಇಳಿಯುವಂತೆ ತಿಕ್ಕಿದಳು. ಆದರೆ ಅಂದಿನಿಂದ ಅವಳ ನಡೆ ಬದಲಾಯಿತು. ಹಪ್ಪಳ ಒಣಹಾಕುವಾಗ, ಅರಿಷಿಣ ಕುಟ್ಟುವಾಗ ತುಟಿ ಅಲುಗುತ್ತಿದ್ದವು, ದನಿ ಇಲ್ಲ. ಒಂದು ಮಧ್ಯಾಹ್ನ ತೋಟದ ಕಟ್ಟೆಗೆ ಒಬ್ಬಳೇ ಹೋಗಿ ಬಹಳ ಹೊತ್ತು ಕುಳಿತು ಬಂದಳು. “ಅತ್ರೇನ್ರಿ?” ಎಂದು ಮಹಾದೇವಕ್ಕ ಕೇಳಿದರೆ, “ಕುಂತಿದ್ದೆ,” ಎಂದಳು. ಆ ರಾತ್ರಿಯ ರೊಟ್ಟಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಅಜ್ಜಿ ಮೊಮ್ಮಗಳ ಈ ಮಾತು ಶಂಕ್ರಪ್ಪನಿಗೂ ಗೊತ್ತಾಯಿತು, ಮಹಾದೇವಕ್ಕನ ಬಾಯಿಂದ. ಅವನು ಬ್ಯಾಂಡಿನ ಹಾಡು ಬದಲಿಸಿದ್ದು, ಬೀಗರ ಕೈಕಾಲು ಹಿಡಿದದ್ದು ಎಲ್ಲ ಪ್ರಾಮಾಣಿಕವೇ. ಆ ಸ್ವರ ಅನ್ನು ಎಂದು ತಾಯಿಯನ್ನು ಯಾವತ್ತೂ ಕೇಳಬಾರದು ಎಂದು ಆಣೆ ಹಾಕಿಕೊಂಡದ್ದೂ ಪ್ರಾಮಾಣಿಕವೇ. ಆದರೆ ಅವಳು ತಾನಾಗಿಯೇ ಅತ್ತರೆ? ಕಿವಿ ಮುಚ್ಚಿಕೊಳ್ಳುತ್ತೇನೆ ಎಂದು ಅವನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಸಂಗೀತಗಾರನ ಪಶ್ಚಾತ್ತಾಪ ಇಂಥದು, ಅದಕ್ಕೂ ಒಂದು ಕಿವಿ ಇರುತ್ತದೆ.

ವೈಶಾಖದಲ್ಲಿ ಮದುವೆಯಾಯಿತು. ಹಂದರ, ಸುರಗಿ, ಅಕ್ಕಿಕಾಳು, ಹೋಳಿಗೆ ಊಟ, ಎಲ್ಲ ಆಗಬೇಕಾದಂತೆ ಆಯಿತು. ಬ್ಯಾಂಡಿನವರು ಹೊಸ ಹಾಡು ಬಾರಿಸಿದರು. ಯಾರ ತಲೆಯೂ ತೂಗಲಿಲ್ಲ. ಅಜ್ಜಪ್ಪ ಈ ಸಲ ಎಲೆ ಮುಟ್ಟಿದ್ದಷ್ಟೇ ಅಲ್ಲ, ಮೂರು ಸಲ ಕೇಳಿ ಹಾಕಿಸಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಬೀಗರ ಚಕ್ಕಡಿ ಬಾಗಿಲಿಗೆ ಬಂದು ನಿಂತವು.

ಹೆಣ್ಣು ಕಳಿಸುವ ಹೊತ್ತು. ಸರೋಜವ್ವ ಹಸಿರು ಸೀರೆಯಲ್ಲಿ, ಉಡಿ ತುಂಬಿಕೊಂಡು, ಮನೆಯವರ ಪಾದ ಮುಟ್ಟುತ್ತ ಬಂದಳು. ಮೂಲೆಯಲ್ಲಿ ಕುಳಿತಿದ್ದ ಫಕ್ಕೀರವ್ವ ಎದ್ದು ನಿಂತಳು. ಹೆಂಗಸರು ಸುತ್ತ ಕೂಡಿದರು. ಮುದುಕಿ ಅಳುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಹೇಗೆ ಅಳುತ್ತಾಳೆಂದು ಆ ಮನೆಯ ನಾಲ್ಕು ಮಂದಿಗೆ ಮಾತ್ರ ಚಿಂತೆ. ಶಂಕ್ರಪ್ಪ ಹಂದರದ ಕಂಬ ಹಿಡಿದು ಕಣ್ಣು ಮುಚ್ಚಿದ.

ಫಕ್ಕೀರವ್ವ ಮೊಮ್ಮಗಳನ್ನು ತೆಕ್ಕೆಗೆ ತೆಗೆದುಕೊಂಡಳು.

“ಬಂದು ನೋಡ ನನ ಮಗಳಽ, ನಿನ ಕೂಸು ಹೊಂಟೈತಿ…”

ಮೊದಲ ಸಾಲಿಗೇ ಹೆಂಗಸರ ಸೆರಗು ಕಣ್ಣಿಗೆ ಹೋದವು. ಆರು ವರ್ಷ ಮುಚ್ಚಿಟ್ಟ ದನಿ, ಅಲ್ಲಲ್ಲಿ ಬಿರಿದಿತ್ತು, ಆದರೂ ಹಂದರದ ಆಚೆಯ ತನಕ ಮುಟ್ಟಿತು. ಶಂಕ್ರಪ್ಪ ಉಸಿರು ಹಿಡಿದ. ಆ ಜಾಗ ಬರುತ್ತಿತ್ತು, ಪೇಟಿಗೆ ಸಿಗದ ಜಾಗ, ಸಾಹೇಬ ಮುಳ್ಳು ಎತ್ತಿದ ಜಾಗ.

“ನಿನ ಹಂಗ ನಡದಾಳ, ನಿನ ಹಂಗ ಉಟ್ಟಾಳ…”

ದನಿ ಅಲ್ಲಿಗೆ ಬಂತು. ಬಂದು ನೆಟ್ಟಗೆ ಪೇಟಿಯ ಪಟ್ಟಿಯ ಮೇಲೆ ಕುಳಿತಿತು. ಅವನು ಕೂಡಿಸಿದ್ದ ಅದೇ ಪಟ್ಟಿ.

ಸಾಲಿನ ಕೊನೆಗೆ ಫಕ್ಕೀರವ್ವ ನಿಂತಳು. ಉಸಿರಿಗಾಗಿ ಅಲ್ಲ, ದುಃಖಕ್ಕೂ ಅಲ್ಲ. ಪ್ಲೇಟಿನಲ್ಲಿ ಆ ಜಾಗಕ್ಕೆ ಪಿಟೀಲು ಬರುತ್ತದೆ. ಬ್ಯಾಂಡಿನವರ ಹಿಂದೆ ನಿಂತಿದ್ದ ಯಾರೋ ಒಬ್ಬ ಆ ಪಿಟೀಲಿನ ತುಂಡನ್ನು ತನಗರಿವಿಲ್ಲದೆ ಬಾಯಲ್ಲೇ ಗುನುಗಿ ತುಂಬಿದ. ಅದು ಮುಗಿದದ್ದೇ ತಡ, ಮುದುಕಿ ತಾಳಕ್ಕೆ ಸರಿಯಾಗಿ ಮೂರನೆಯ ಸಾಲು ಎತ್ತಿದಳು. ಎತ್ತುವಾಗ ಅವಳ ಕಣ್ಣು ಅಗಲವಾದವು. ತನ್ನ ಬಾಯಿಂದ ಬರುತ್ತಿರುವುದು ಯಾರದು ಎಂದು ಅವಳಿಗೂ ಕೇಳಿಸಿತ್ತು. ನಿಲ್ಲಿಸಲು ಬರಲಿಲ್ಲ. ಹೆಣ್ಣು ಕಳಿಸುವ ಅಳುವನ್ನು ಅರ್ಧಕ್ಕೆ ಬಿಡುವುದು ಅಪಶಕುನ. ಕೊನೆಯ ತನಕ ಅತ್ತಳು, ಪ್ಲೇಟು ಎಲ್ಲಿ ಮುಗಿಯುತ್ತದೋ ಅಲ್ಲಿ ಮುಗಿಸಿದಳು.

ಸರೋಜವ್ವ ಅಜ್ಜಿಯ ಹೆಗಲ ಮೇಲಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಬ್ಯಾಂಡಿನವರಿದ್ದರು, ಎತ್ತು ಹಿಡಿದ ಆಳುಗಳಿದ್ದರು, ಓಣಿಯ ಹುಡುಗರಿದ್ದರು. ಇನ್ನೂ ತುಸು ಹೊತ್ತು ನೋಡಿದಳು. ಆಮೇಲೆ ತಾನೇ ಕೈ ಬಿಡಿಸಿಕೊಂಡು ಹೋಗಿ ಚಕ್ಕಡಿ ಹತ್ತಿದಳು.

ಅಜ್ಜಪ್ಪ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಖರೇ ಅತ್ತಿದ್ದ ಮನುಷ್ಯ. “ಏನ್ ಅತ್ರೀ ನಮ್ಮ ಬೀಗ್ತಿ! ಥೇಟ್ ಪ್ಲೇಟು ಹಚ್ಚಿದಂಗ!” ಎಂದ ಶಂಕ್ರಪ್ಪನ ಭುಜ ತಟ್ಟಿ. “ಬ್ಯಾಡ ಬ್ಯಾಡ ಅಂದ್ರಿ ಮಾಸ್ತರ್ರ, ಕಡೀಗೂ ನಮ್ಮ ಹಾಡು ಆಗೇ ಆತಲ್ಲ!”

ಚಕ್ಕಡಿಗಳು ಹೋದವು. ಮಂದಿ ಕರಗಿತು. ಮಹಾದೇವಕ್ಕ ಎಂಜಲೆಲೆ ಬಳಿಯತೊಡಗಿದಳು, ಪರಮೇಶ್ವರಪ್ಪ ಬಾಡಿಗೆಯ ಹಂಡೆ ಹೊರಿಸಲು ಹೋದ. ಫಕ್ಕೀರವ್ವ ಖಾಲಿ ಹಂದರದಲ್ಲಿ ಕುಳಿತಿದ್ದಳು.

“ಶಂಕ್ರಾ.”

ಅವನು ಬಂದು ಅವಳ ಮುಂದೆ ನೆಲಕ್ಕೆ ಕುಳಿತ.

“ಅದು ಹಂಗಿರಲಿಲ್ಲ,” ಎಂದಳು.

“ಇಲ್ಲವ್ವಾ.”

“ನಡುವ ಒಂದ ಕಡೆ ಇಳೀತಿತ್ತು. ಇಳದು ನಿಂದರತಿತ್ತು. ಅಲ್ಲೆ ಅಕಿ ಬರತಿದ್ಳು.” ಮುದುಕಿ ಮಗನ ಕೈ ಹಿಡಿದುಕೊಂಡಳು. “ಬಾಯಿ ತಗದ್ರ ನಿಂದ ಬರತೈತೋ. ಅವತ್ತು ಕಟ್ಟಿ ಮುಂದ ಕುಂತಾಗೂ ನಿಂದ ಬಂತು. ನಂದು ಎಲ್ಲಿ ಹೋತು? ನೀ ಕೇಳೀದಿ. ಗಮನ ಇಟ್ಟು ಕೇಳೀದಿ, ಬೆರಳಾಗ ಕೇಳೀದಿ. ನಾ ಸಿಟ್ಟಾಗೂದಿಲ್ಲ, ಹೇಳು. ಹೆಂಗಿತ್ತೋ ಅದು?”

ಶಂಕ್ರಪ್ಪ ಗಂಟಲು ಸರಿಮಾಡಿಕೊಂಡು ಎತ್ತಿದ. ಬಂದದ್ದು ಚಹದಂಗಡಿಯ ಹಾಡು. ನಿಲ್ಲಿಸಿ, ಕಣ್ಣು ಮುಚ್ಚಿ, ಒಂದು ಎಳೆ ಕೆಳಗಿನಿಂದ ಎತ್ತಿದ. ಮತ್ತೆ ಅದೇ ಬಂತು. ಫಕ್ಕೀರವ್ವ ತಲೆ ತಗ್ಗಿಸಿ, ಒಂದು ಕಿವಿ ಅವನ ಕಡೆ ಮಾಡಿ, ಕೈ ಬಿಡದೆ ಕೇಳುತ್ತಿದ್ದಳು.

“ಅದಲ್ಲೋ,” ಎಂದಳು. “ಇನ್ನೊಮ್ಮೆ ಅನ್ನು.”